ಕೇಳದ ಎದೆಬಡಿತ

ಇಳಕಲ್ಲಿನ ಗುರಲಿಂಗಪ್ಪ ಡಾಕ್ಟರಿಗೆ ಎಪ್ಪತ್ತೆಂಟು ದಾಟಿತ್ತು. ಅವರ ಕಿವಿ ಮಂದವಾಗಿದ್ದುದು ಮಗಳು ಜಯಶ್ರೀಗೆ ಮಾತ್ರ ಗೊತ್ತಿತ್ತು. ಅವಳೂ ಡಾಕ್ಟರು, ಅದೇ ದವಾಖಾನೆಯ ಒಳಕೋಣೆಯಲ್ಲಿ ಕೂರುತ್ತಿದ್ದಳು. "ಅಪ್ಪಾ, ಇನ್ನ ಸಾಕು ಮಾಡ್ರಿ" ಎಂದಾಗಲೆಲ್ಲ, "ದೀಪಾವಳಿ ಆಗ್ಲಿ ತಡಿ" ಎನ್ನುತ್ತಿದ್ದರು. ಮಂದಿ ಅವರ ಕೈಗುಣ ನಂಬಿ ಬರುತ್ತಿದ್ದರು. ಆ ನಂಬಿಕೆ ಬಿಟ್ಟು ಬದುಕುವುದು ಅವರಿಗೆ ಗೊತ್ತಿರಲಿಲ್ಲ.

ಗುಡೂರಿನ ಬೋರವ್ವ ತುಂಬು ಬಸುರಿ ಮಗಳು ಸುಧಾರಾಣಿಯನ್ನು ಕರೆತಂದ ದಿನ ಜಯಶ್ರೀ ಇರಲಿಲ್ಲ. ಸುಧಾರಾಣಿ ಹುಟ್ಟಿದ್ದೂ ಈ ಡಾಕ್ಟರ ಕೈಯಲ್ಲೇ.

"ನಿನ್ನಿಯಿಂದ ಕೂಸು ಮಿಸುಕಾಡವಲ್ದ್ರಿ" ಎಂದಳು ಹುಡುಗಿ.

ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿ ಇಟ್ಟರು. ಎಲ್ಲೋ ದೂರ ಏನೋ ಬಡಿದಂತಾಯಿತು. ಅದು ತಮ್ಮದೇ ನಾಡಿ ಇದ್ದೀತು ಎಂಬ ಅನುಮಾನವನ್ನು ನುಂಗಿಕೊಂಡು, "ಚಲೋ ಐತಿ, ಮನಿಗಿ ಹೋಗ್ರಿ" ಎಂದುಬಿಟ್ಟರು.

ಮರುದಿನ ನೋವೆದ್ದು ಬಾಗಲಕೋಟೆಗೆ ಒಯ್ದರು. ಕೂಸು ಹೊಟ್ಟೆಯಲ್ಲೇ ಸತ್ತಿತ್ತು.

ವಾರದ ಮೇಲೆ ಬೋರವ್ವ ಬಂದಳು. ಜಗಳಕ್ಕೆ ಬಂದಿರಲಿಲ್ಲ.

"ನೀವು ನೋಡಿದಾಗ ಚಲೋ ಇತ್ತು. ಮನಿಗಿ ಹೋಗಿ ನೀರಿನ ಕೊಡ ಹೊತ್ಲು, ಅದಕ್ಕ ಹಿಂಗಾತು ಅಂತ ಬೀಗರು ಆಡ್ಕೊಳ್ಳಾಕತ್ತಾರ್ರಿ. ಅಕಿನೂ ಅದನ್ನ ಖರೆ ಅಂತ ನಂಬ್ಯಾಳ. ನೀವು ಬಂದು ಒಂದ್ ಮಾತು ಹೇಳ್ರಿ."

ಸುಮ್ಮನಿದ್ದರೆ ಡಾಕ್ಟರ ಹೆಸರು ಉಳಿಯುತ್ತಿತ್ತು. ಜಯಶ್ರೀಗೆ ಕಾರು ತೆಗೆಯಲು ಹೇಳಿದರು.

ಬೋರವ್ವನ ಪಡಸಾಲೆಯಲ್ಲಿ ಸುಧಾರಾಣಿ ಗೋಡೆಗೊರಗಿ ಕೂತಿದ್ದಳು. ಅವಳ ಗಂಡ ಲಕ್ಷ್ಮಣ ಮತ್ತು ಅತ್ತೆ ದೂರ ಕೂತಿದ್ದರು. ಡಾಕ್ಟರು ಕುರ್ಚಿ ಒಲ್ಲೆನೆಂದು ನೆಲಕ್ಕೆ ಕೂತರು.

"ಕೊಡ ಹೊತ್ತದ್ದಕ್ಕಲ್ಲವ್ವಾ. ನನ್ನ ಕಿವಿ ಕೇಳೂದಿಲ್ಲ. ಅವತ್ತ ಕೂಸಿನ ಎದಿಬಡಿತ ನನಗ ಕೇಳಿಸಲಿಲ್ಲ. ಕೇಳಿಸಿದಂಗ ಸುಳ್ಳ ಹೇಳಿದೆ."

ಸುಧಾರಾಣಿ ಕೇಳಿದಳು, "ಅವತ್ತ ಬಾಗಲಕೋಟಿಗಿ ಕಳಿಸಿದ್ರ ಉಳೀತಿತ್ತೇನ್ರಿ?"

"ಉಳೀತಿತ್ತೋ ಏನೋ, ತಂಗೀ. ನಾ ಆ ದಾರಿ ಮುಚ್ಚಿದೆ."

ಅವಳು ಸೆರಗಿನಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಲಕ್ಷ್ಮಣ ಎದ್ದು ಹೋಗಿ ಹೆಂಡತಿಯ ಪಕ್ಕ ಕೂತ. ಬೋರವ್ವ ಡಾಕ್ಟರ ಮುಖ ನೋಡದೆ, "ಹೋಗ್ರಿ ಇನ್ನ" ಎಂದಳು.

ದಾರಿಯುದ್ದಕ್ಕೂ ಜಯಶ್ರೀ ಏನೋ ಹೇಳುತ್ತಿದ್ದಳು. ಅವರಿಗೆ ಕೇಳಿಸಲಿಲ್ಲ, ಕೇಳಿಸಿದಂತೆ ತಲೆಯಾಡಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟರು. ಆಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಮಂಚದ ಮೇಲೆ ಕೂತರು.