ಸೋಬಿಯಾಕ್ಕೆ ಹೆಪ್ಪು

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ ಎಂಬ ಗಾದೆ ಕಟ್ಟಿದವರು ಭಟ್ಕಳದ ಫಖ್ರುನ್ನಿಸಾಳನ್ನು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಗಾದೆಯಲ್ಲಿ ಅವಳ ಹೆಸರನ್ನೇ ಹಾಕಿಬಿಡುತ್ತಿದ್ದರು. ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ಗಾಳಿ ಬೆಳಕಿನ ಮನೆ, ಗಂಡ ಕಮಾಲುದ್ದೀನರಿಗೆ ಹಳೇಪೇಟೆಯಲ್ಲಿ ಏಲಕ್ಕಿ ವ್ಯಾಪಾರ, ಮಗ ಸುಹೈಲ್‌ಗೂ ಮಗಳು ರಿದಾಗೂ ಮದುವೆಯಾಗಿ ಅವರವರ ಸಂಸಾರ ಅವರವರಿಗೆ. ಕಾಲು ಚಾಚಿ ಕೂರಬಹುದಾದ ವಯಸ್ಸು. ಆದರೆ ಮುಚ್ಚಿಟ್ಟ ಪಾತ್ರೆ ಕಂಡರೆ ಈಕೆಗೆ ಮುಚ್ಚಳ ತೆಗೆದು ನೋಡದೆ ಸಮಾಧಾನವಿಲ್ಲ. ಒಳಗೆ ಏನಾಗುತ್ತಿದೆ, ಯಾಕಾಗುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಏನಾದೀತು, ಇವೇ ಅವಳ ತಲೆಯೊಳಗಿನ ಹುಳಗಳು.

ಗುರುವಾರ ಸಂಜೆಯ ಅಸರ್ ನಮಾಜು ಮುಗಿಸಿ ಫೋನ್ ಹಿಡಿದು ಕೂತಳೆಂದರೆ ಅವಳು ಯಾರಿಗೂ ಸಿಗುತ್ತಿರಲಿಲ್ಲ. ‘ಹುಳಿ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಮಾರನೆಯ ದಿನದ ಯೋಜನೆ ಹಂಚಿಕೊಳ್ಳುವ ಹೊತ್ತು ಅದು. ಗುಂಪಿನಲ್ಲಿ ಇದ್ದವರು ಕೆಲವೇ ಮಂದಿ. ಕೆಳಗಿನ ಮನೆಯ ಶಹಾನಾ ಬಂಟ್ವಾಳದ ಬ್ಯಾರಿ ಹುಡುಗಿ, ಶುಂಠಿ ಪಾನಕ ಹುದುಗಿಸುವುದರಲ್ಲಿ ಪಳಗಿದವಳು. ಉಡುಪಿಯ ರಂಜಿತ್ ಆಹಾರ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದ. ಅನಾನಸಿನ ಸಿಪ್ಪೆ, ಖರ್ಜೂರ, ಬಾರ್ಲಿ, ಕೈಗೆ ಸಿಕ್ಕಿದ್ದನ್ನೆಲ್ಲ ನೀರಲ್ಲಿ ನೆನೆಹಾಕಿ ಅದರ ಶಾಖ ಅಳೆಯುವುದು ಅವನ ಚಟ. ಏನು ಹಾಕುತ್ತೇವೆ, ಎಷ್ಟು ಹಾಕುತ್ತೇವೆ, ಜಾಡಿಯನ್ನು ಅಡುಗೆಮನೆಯ ಯಾವ ಮೂಲೆಯಲ್ಲಿ ಇಡುತ್ತೇವೆ ಎಂದು ಎಲ್ಲರೂ ಬರೆಯಬೇಕು. ಉಳಿದವರು ಅದಕ್ಕೆ ತಪ್ಪು ಹುಡುಕಬೇಕು. ಶುಕ್ರವಾರ ಜಾಡಿ ತುಂಬಿ, ಶನಿವಾರ ಸಂಜೆ ಒಬ್ಬರದನ್ನು ಒಬ್ಬರು ಕುಡಿದು ನೋಡಬೇಕು.

ಬಳಗಕ್ಕೆ ಕಟ್ಟಳೆಯೂ ಇತ್ತು. ಪೇಟೆಯ ಈಸ್ಟ್ ಮುಟ್ಟಬಾರದು. ಮೂರನೆಯ ದಿನ ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳುವ ಮುಂಚೆ ಉಳಿದದ್ದನ್ನೆಲ್ಲ ಚೆಲ್ಲಿ, ಖಾಲಿ ಜಾಡಿಯ ಫೋಟೊ ಹಾಕಬೇಕು. ಖರ್ಜೂರ ನೆನೆಸಿದ ನೀರನ್ನು ಅದಕ್ಕಿಂತ ಹೆಚ್ಚು ಇಡಬಾರದೆಂದು ಹಿರಿಯರು ಹೇಳುತ್ತಾ ಬಂದ ಮಾತು ಫಖ್ರುನ್ನಿಸಾಳಿಗೂ ಶಹಾನಾಳಿಗೂ ಬಾಯಿಪಾಠ. ರಂಜಿತನಿಗೆ ಆ ಮಾತು ಬೇರೆ ಕಾರಣಕ್ಕೆ ಹಿಡಿಸಿತ್ತು. ಹಿಂದೆ ಜರ್ಮನಿಯಲ್ಲಿದ್ದಾಗ ಅವನು ಗೆಳೆಯರೊಂದಿಗೆ ಮನೆಯಲ್ಲೇ ಬಿಯರ್ ಮಾಡುತ್ತಿದ್ದನಂತೆ. ಇಲ್ಲಿ ಅಂಥ ಸಾಹಸಕ್ಕೆ ಹೋದರೆ ಜೈಲು, ಆಮೇಲೆ ವಾಸದ ಪರವಾನಗಿ ಇಕಾಮಾ ರದ್ದು ಮಾಡಿ ಊರಿನ ವಿಮಾನ.

“ಬಿಯರ್ ಮಾಡುದೂ ಹೀಗೆಯಾ ರಂಜಿತ್?” ಎಂದು ಒಮ್ಮೆ ಫಖ್ರುನ್ನಿಸಾ ಕೇಳಿಯೇಬಿಟ್ಟಿದ್ದಳು. ಶಹಾನಾ ಗಾಬರಿಯಿಂದ ಬಾಗಿಲ ಕಡೆ ನೋಡಿದ್ದಳು.

“ಅರ್ಧ ದಾರಿವರೆಗೆ ಹೀಗೇ ಅಕ್ಕಾ. ನಾವು ಮಧ್ಯದ ಸ್ಟಾಪಲ್ಲಿ ಇಳಿದುಬಿಡ್ತೇವೆ. ಬಸ್ಸು ಮುಂದೆ ಹೋಗ್ತದೆ.”

ಬಸ್ಸು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ಅವಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಆದರೆ ಈ ಬಳಗಕ್ಕೆ ಅವಳನ್ನು ಎಳೆತಂದದ್ದು ಬರೀ ಕುತೂಹಲ ಎಂದರೆ ತಪ್ಪಾದೀತು.

ಚಳಿಗಾಲದಲ್ಲಿ ಕಮಾಲುದ್ದೀನರಿಗೆ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಡಾಕ್ಟರು ಕಾದು ನೋಡೋಣ ಎಂದರು. ಬೇರೆ ಯಾರಿಗಾದರೂ ಆಗಿದ್ದರೆ ಹೇಗೋ ಸಂಭಾಳಿಸುತ್ತಿದ್ದರು. ಏಲಕ್ಕಿ ವ್ಯಾಪಾರಿ ಏನು ಮಾಡಬೇಕು? ಕಾಯಿಯನ್ನು ಉಗುರಲ್ಲಿ ಸೀಳಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ ಯಾವ ಊರಿನದು, ಯಾವ ಕೊಯ್ಲಿನದು ಎಂದು ಹೇಳುತ್ತಿದ್ದ ಮನುಷ್ಯ. ಕಾಫಿಗೆ ಏಲಕ್ಕಿ ಕೊಳ್ಳುವ ಸೌದಿ ಗಿರಾಕಿಗಳು ಅವರ ಮೂಗನ್ನು ನಂಬಿ ಕಣ್ಣುಮುಚ್ಚಿ ದುಡ್ಡು ಕೊಡುತ್ತಿದ್ದರು. ಈಗ ಅದೇ ಮನುಷ್ಯ ಕಾಯಿ ಸೀಳಿ, ಮೂಗಿಗೆ ಹಿಡಿದು, ಅಂದಾಜಿನ ಮೇಲೆ ತಲೆಯಾಡಿಸುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ.

ಅವಳು ಸುಮ್ಮನೆ ಕೂತಳೇ? ಇಂಗು ತೋರಿಸಿದಳು, ಒಣಮೀನು ಸುಟ್ಟಳು, ಬಖೂರ್ ಧೂಪದ ಹೊಗೆಯಲ್ಲಿ ಅವರನ್ನು ಕೂರಿಸಿ ಕೆಮ್ಮಿಸಿದಳು. ಏನೂ ನಾಟಲಿಲ್ಲ. ಒಂದು ದಿನ ಊಟದ ಮುಂದೆ ಕೂತು ಕಮಾಲುದ್ದೀನ್ ತಾವಾಗಿ ಹೇಳಿದರು: “ನಾನು ಹೊಸದಾಗಿ ಜಿದ್ದಾಕ್ಕೆ ಬಂದಾಗ ಗಲ್ಲಿಯಲ್ಲಿ ಒಬ್ಬ ಮುದುಕ ಸೋಬಿಯಾ ಮಾರ್ತಿದ್ದ. ಅವನ ಮಡಕೆ ತೆರೆದರೆ ಆಚೆ ಗಲ್ಲಿಗೆ ವಾಸನೆ ಬರ್ತಿತ್ತು. ಅದು ಹೇಗಿತ್ತು ಅಂತ ಈಗ ನೆನಪೂ ಆಗುದಿಲ್ಲ ನೋಡು.”

ಸೋಬಿಯಾ ಎಂದರೆ ಬಾರ್ಲಿಯನ್ನೋ ಒಣ ರೊಟ್ಟಿಯನ್ನೋ ನೆನೆಸಿ, ಹುಳಿ ಬರಿಸಿ, ಸೋಸಿ, ಸಕ್ಕರೆ ಏಲಕ್ಕಿ ಬೆರೆಸಿ ಕುಡಿಯುವ ಹಿಜಾಜಿನ ಪಾನಕ. ರಮಜಾನಿನಲ್ಲಿ ಇಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ. ಅವಳು ಕೊಂಡು ತಂದದ್ದು ಬರೀ ಸಿಹಿನೀರಿನ ಹಾಗಿತ್ತು. ಹಾಗಾದರೆ ತಾನೇ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿದಳು. ಆ ಮುದುಕನ ಮಡಕೆಯ ವಾಸನೆ ತನ್ನ ಜಾಡಿಯಿಂದ ಎದ್ದರೆ ಗಂಡನ ಮೂಗು ಎಚ್ಚೆತ್ತೀತು ಎಂಬುದು ಅವಳ ಹಟ. ಹಟಕ್ಕೆ ವೈದ್ಯಶಾಸ್ತ್ರದ ಆಧಾರ ಏನೂ ಇರಲಿಲ್ಲ.

ವಾರವಾರವೂ ಜಾಡಿ ಇಟ್ಟಳು. ವಾರವಾರವೂ ಕಮಾಲುದ್ದೀನ್ ಲೋಟ ಎತ್ತಿ ಕುಡಿದು, “ಸಿಹಿ ಉಂಟು, ಹುಳಿ ಉಂಟು” ಎಂದು ಇಳಿಸಿದರು. ಹೆಂಡತಿಯ ಮುಖ ನೋಡಿ, “ಒಳ್ಳೇದುಂಟು ಫಖ್ರು” ಎಂದು ಸೇರಿಸುತ್ತಿದ್ದರು. ಅವಳು ಲೋಟ ಎತ್ತಿಕೊಂಡು ಹೋಗಿ ಮುಂದಿನ ವಾರದ ಬಾರ್ಲಿ ಆರಿಸಲು ಕೂರುತ್ತಿದ್ದಳು.

ಬಳಗದವರಿಗೆ ಮಾತ್ರ ಅವಳ ಜಾಡಿ ದೊಡ್ಡ ಒಗಟು. ಶಹಾನಾಳದ್ದು ಮಾರನೆಯ ದಿನ ಗುಳ್ಳೆ ಬಿಟ್ಟರೆ ಇವಳದ್ದು ಅದೇ ಸಂಜೆ ನೊರೆಯೆದ್ದು ಕಟ್ಟಿದ ಬಟ್ಟೆಯನ್ನು ತಳ್ಳುತ್ತಿತ್ತು. ರಂಜಿತ್ ಉಷ್ಣಮಾಪಕ ತಂದ, ಜಾಡಿಯನ್ನು ಎ.ಸಿ.ಯ ಕೆಳಗೆ ಇಡಿಸಿದ, ಬಾರ್ಲಿಯ ಅಂಗಡಿ ಬದಲಿಸಿದ.

“ನಿಮ್ಮ ಕೈಯಲ್ಲಿ ಎಂತ ಉಂಟು ಆಂಟಿ?” ಎಂದು ಶಹಾನಾ ಕೇಳಿದರೆ ಫಖ್ರುನ್ನಿಸಾ ಬೀಗುತ್ತಿದ್ದಳು.

ಹೀಗಿರುವಾಗ ಹಳೇ ಗಿರಾಕಿಯೊಬ್ಬ ಕಮಾಲುದ್ದೀನರ ಅಂಗಡಿಗೆ ಒಂದು ಗೋಣಿ ಏಲಕ್ಕಿ ವಾಪಸ್ ತಂದಿಟ್ಟ. ಬೈಯಲಿಲ್ಲ, ಜಗಳವಾಡಲಿಲ್ಲ. “ಯಾ ಕಮಾಲ್, ನಿನಗೆ ವಯಸ್ಸಾಯಿತು” ಎಂದು ಬೆನ್ನು ತಟ್ಟಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಅಂಗಡಿಯನ್ನು ಸುಹೈಲ್‌ಗೆ ಒಪ್ಪಿಸಿ ಭಟ್ಕಳಕ್ಕೆ ಹೋಗಿಬಿಡೋಣ ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಸುಹೈಲ್ ಒಂದು ಹಗಲಿನ ದಾರಿಯ ದೂರದ ಬುರೈದಾದಲ್ಲಿ ಖರ್ಜೂರದ ವ್ಯಾಪಾರಿಯೊಬ್ಬರ ಬಳಿ ಇದ್ದ. ಅವನಿಗೆ ಖರ್ಜೂರ ಎಂದರೆ ಪ್ರಾಣ. ಏಲಕ್ಕಿ ಎಂದರೆ ಬಿರಿಯಾನಿಯಲ್ಲಿ ಹಲ್ಲಿಗೆ ಸಿಕ್ಕಿ ಕೋಪ ಬರಿಸುವ ಸಾಮಾನು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಫಖ್ರುನ್ನಿಸಾ ಎಂದಿನಂತೆ ಜಾಡಿ ತುಂಬಿ ಬಟ್ಟೆ ಕಟ್ಟುತ್ತಿದ್ದಾಗಲೇ ಕಮಾಲುದ್ದೀನ್ ಕಾರಿನ ಕೀಲಿ ಹಿಡಿದು ನಿಂತರು. “ಯಲ್ಲಾ, ಹೊರಡು. ಸುಹೈಲ್‌ಗೆ ಇವತ್ತೇ ಹೇಳಿ ಮುಗಿಸ್ತೇನೆ. ನಾಳೆಗೆ ಧೈರ್ಯ ಇರ್ಲಿಕ್ಕಿಲ್ಲ.” ನಾಡಿದ್ದು ಹಿಂದಿರುಗಿದರೂ ಮಗ್ರಿಬ್‌ಗೆ ಮುಂಚೆ ಜಾಡಿ ಖಾಲಿ ಮಾಡಬಹುದು ಎಂದು ಲೆಕ್ಕ ಹಾಕಿ ಅವಳು ಬುರ್ಖಾ ಹಾಕಿಕೊಂಡಳು. ಅವಸರದಲ್ಲಿ ಮನೆಯ ಕೀಲಿಯನ್ನು ಶಹಾನಾಳ ಕೈಗೆ ಕೊಡುವುದು ಮರೆತಳು.

ಬುರೈದಾದಲ್ಲಿ ಅವಳು ಲೆಕ್ಕ ಹಾಕಿದಂತೆ ಏನೂ ನಡೆಯಲಿಲ್ಲ. ಮೊಮ್ಮಗನಿಗೆ ಜ್ವರ ಬಂತು, ಧೂಳು ಬಿರುಗಾಳಿ ಎದ್ದು ದಾರಿ ಕಾಣದಾಯಿತು. ಕಮಾಲುದ್ದೀನ್ ಮಗನಿಗೆ ಮಂಡಿನೋವಿನ ಕತೆ ಹೇಳಿದರು, ಮೂಗಿನದ್ದನ್ನು ಹೇಳಲಿಲ್ಲ. ಸುಹೈಲ್ ತಲೆ ತಗ್ಗಿಸಿ, “ಆಯ್ತು ಅಬ್ಬಾ, ಈ ತಿಂಗಳು ಮುಗಿಸಿ ಬರ್ತೇನೆ” ಎಂದ. ಅಪ್ಪನಿಗೂ ಬೇಡದ, ಮಗನಿಗೂ ಬೇಡದ ಒಪ್ಪಂದ ಇಬ್ಬರ ಒಪ್ಪಿಗೆಯಿಂದಲೇ ಆಗಿಹೋಯಿತು. ನಡುವೆ ಶಹಾನಾಳ ಮೆಸೇಜುಗಳು: “ಆಂಟಿ, ನಿಮ್ಮ ಜಾಡಿ? ಖಾಲಿ ಜಾಡಿಯ ಫೋಟೊ ಬರ್ಲಿಲ್ಲ.” ಫಖ್ರುನ್ನಿಸಾ ಉತ್ತರ ಬರೆದು ಅಳಿಸಿದಳು. ಗಂಡನ ಬಾಳೇ ಮುಳುಗುತ್ತಿರುವಾಗ ಜಾಡಿಯ ಚಿಂತೆ ಮಾಡುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಮುಚ್ಚಿದ ಅಡುಗೆಮನೆಯಲ್ಲಿ, ಆರಿಸಿದ ಎ.ಸಿ.ಯ ಕೆಳಗೆ, ಈಗ ಏನಾಗುತ್ತಿರಬಹುದು ಎಂಬ ಕುತೂಹಲ ಆ ನಾಚಿಕೆಯ ಪಕ್ಕದಲ್ಲೇ ಕೂತಿತ್ತು.

ಕಡೆಗೂ ಜಿದ್ದಾಕ್ಕೆ ಮರಳಿದಾಗ ಮಟಮಟ ಮಧ್ಯಾಹ್ನ. ಮಗ ಕೊಟ್ಟ ಖರ್ಜೂರದ ಡಬ್ಬಗಳನ್ನು ಇಳಿಸಿ ಬರುತ್ತೇನೆಂದು ಕಮಾಲುದ್ದೀನ್ ಕೆಳಗೆ ನಿಂತರು. ಫಖ್ರುನ್ನಿಸಾ ಬಾಗಿಲು ತೆರೆದಳು. ತೆರೆದವಳು ಹಾಗೇ ನಿಂತಳು. ಹುಳಿ, ಸಿಹಿ, ಮಾಗಿದ ಹಣ್ಣು, ಬೇಕರಿಯ ಒಲೆ, ಇವೆಲ್ಲ ಒಟ್ಟಾಗಿ ಎದುರಿಗೇ ಬಂದಂತೆ ವಾಸನೆ ನುಗ್ಗಿತು. ಓಡಿಹೋಗಿ ಕಿಟಕಿ ತೆಗೆಯುವ ಬದಲು ಅವಳು ಅದರ ಚಿಲಕವನ್ನು ಇನ್ನಷ್ಟು ಬಿಗಿದಳು, ವಾಸನೆ ಪಕ್ಕದ ಮನೆಗೆ ಹೋದೀತೆಂದು. ಆಮೇಲೆ ರಂಜಿತನಿಗೆ ವೀಡಿಯೊ ಕರೆ ಮಾಡಿ ಜಾಡಿಯ ಬಟ್ಟೆ ಬಿಚ್ಚಿ ತೋರಿಸಿದಳು.

ರಂಜಿತ್ ಕಣ್ಣು ಕಿರಿದು ಮಾಡಿ ನೋಡಿದ. “ನೊರೆ ಮೇಲೆ ಹೋಗಿ ಕೆಳಗೆ ಇಳಿದಿದೆ ಅಕ್ಕಾ. ಬದಿಯಲ್ಲಿ ಗುರುತುಂಟು ನೋಡಿ. ನೀವು ಇದಕ್ಕೆ ಎಂತೆಂತ ಹಾಕಿದ್ದು? ಸತ್ಯ ಹೇಳಿ.”

“ಬಾರ್ಲಿ, ಒಣ ಖುಬ್ಬೂಸ್ ರೊಟ್ಟಿ, ಸಕ್ಕರೆ, ಏಲಕ್ಕಿ, ದಾಲ್ಚಿನ್ನಿ. ಎಲ್ಲಾ ಗ್ರೂಪಲ್ಲಿ ಬರೆದಿದ್ದೆ ಅಲ್ವಾ? ಮತ್ತೆ ಹೆಪ್ಪು.”

“ಎಂತ ಹೆಪ್ಪು?”

“ಹೋದ ವಾರದ್ದು ಒಂದು ಸೌಟು. ಚೆಲ್ಲುವ ಮುಂಚೆ ತೆಗೆದು ಫ್ರಿಜ್ಜಲ್ಲಿ ಇಡ್ತೇನೆ. ಮೊಸರಿಗೆ ಇಡುದಿಲ್ವಾ ಮಾರಾಯಾ, ಹಾಗೆ.”

“ಹೋದ ವಾರದ್ದಕ್ಕೆ?”

“ಅದರ ಹಿಂದಿನ ವಾರದ್ದು.”

ರಂಜಿತ್ ಹಣೆ ಚಚ್ಚಿಕೊಂಡ. “ಇಷ್ಟು ದಿನ ನಾನು ನಿಮ್ಮ ಬಾರ್ಲಿಗೆ ಬೈದೆ, ಎ.ಸಿ.ಗೆ ಬೈದೆ! ಇದನ್ನು ಯಾಕೆ ಬರೀಲಿಲ್ಲ?”

ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಹೆಪ್ಪು ಹಾಕುವುದನ್ನು ಯಾರಾದರೂ ಬರೆಯುತ್ತಾರೆಯೇ? ಅವಳ ಅಮ್ಮನೂ ಅಜ್ಜಿಯೂ ಹಳತರ ಒಂದು ಸೌಟನ್ನು ಹೊಸತಕ್ಕೆ ಉಳಿಸದೆ ಪಾತ್ರೆ ತೊಳೆದವರೇ ಅಲ್ಲ. ಪೇಟೆಯ ಈಸ್ಟ್ ಬೇಡ ಎಂಬ ಕಟ್ಟಳೆಯನ್ನು ಅವಳು ಶಿಸ್ತಾಗಿ ಪಾಲಿಸಿದ್ದಳು. ಮನೆಯಲ್ಲೇ ಅದಕ್ಕಿಂತ ಜೋರಿನದನ್ನು ಸಾಕುತ್ತಿದ್ದಳು, ಅಷ್ಟೇ.

“ಬಿಯರ್ ಮಾಡುವವರೂ ಇದನ್ನೇ ಮಾಡುದು ಅಕ್ಕಾ,” ಎಂದ ರಂಜಿತ್ ದನಿ ತಗ್ಗಿಸಿ. “ಆ ಬಸ್ಸು ನಿಮ್ಮನ್ನು ಕೊನೇ ಸ್ಟಾಪಿಗೆ ಮುಟ್ಟಿಸಿದೆ. ಈಗಲೇ ಚೆಲ್ಲಿಬಿಡಿ. ಫ್ರಿಜ್ಜಲ್ಲಿ ಹೆಪ್ಪು ಇದ್ರೆ ಅದನ್ನೂ.” ಫೋನ್ ಇಡುವ ಮುಂಚೆ ಅವನು ಪರದೆಯ ಮೇಲಿನ ಜಾಡಿಯನ್ನು ಇನ್ನೊಮ್ಮೆ ಆಸೆಯಿಂದ ನೋಡಿದ್ದು ಅವಳ ಕಣ್ಣಿಗೆ ಬಿತ್ತು.

‘ಅಸ್ತಗ್‌ಫಿರುಲ್ಲಾ’ ಎಂದು ಅಲ್ಲಾಹನ ಕ್ಷಮೆ ಬೇಡುತ್ತಾ ಅವಳು ಜಾಡಿಯನ್ನು ಸಿಂಕಿನ ಅಂಚಿಗೆ ತಂದಳು. ಒಂದು ಗಳಿಗೆ ಬಗ್ಗಿ ನೋಡಿದಳು. ಕೆಳಗೆ ಬಿಳಿ ಗಸಿ, ಮೇಲೆ ಹೊನ್ನಿನ ಬಣ್ಣದ ತಿಳಿ, ಇನ್ನೂ ಸಣ್ಣ ಸಣ್ಣ ಗುಳ್ಳೆ. ಇಷ್ಟು ವರ್ಷದ ಬದುಕಿನಲ್ಲಿ ಅವಳು ಇಷ್ಟು ಹತ್ತಿರದಿಂದ ನೋಡಿರದ ವಸ್ತು. ಬೆರಳ ತುದಿ ಅದ್ದಿದರೆ ಹೇಗಿರುತ್ತದೆ ಎಂಬ ಪ್ರಶ್ನೆ ಎದ್ದದ್ದು ಸುಳ್ಳಲ್ಲ. ಅವಳು ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ನಲ್ಲಿ ಬಿಟ್ಟು, ಜಾಡಿಯನ್ನು ವಾಲಿಸಿದಳು.

“ಎಂತ ವಾಸನೆ ಇದು?”

ಬಾಗಿಲಲ್ಲಿ ಕಮಾಲುದ್ದೀನ್ ನಿಂತಿದ್ದರು. ಫಖ್ರುನ್ನಿಸಾಳ ಜೀವ ಬಾಯಿಗೆ ಬಂತು. ಹಜ್ ಮಾಡಿದ ಮನುಷ್ಯನ ಮನೆಯಲ್ಲಿ ಇಂಥ ಕೆಲಸ! “ಅಲ್ಲಾಹನಾಣೆ, ನಾನು ಬೇಕೂಂತ ಮಾಡಿದ್ದಲ್ಲ, ಹೆಪ್ಪು ಒಂದು ಸೌಟು…” ಎಂದವಳ ಮಾತು ಅರ್ಧಕ್ಕೇ ನಿಂತಿತು. ಅವಳು ತಿರುಗಿ ನೋಡಿದಳು.

“ಈಗ ಎಂತ ಹೇಳಿದ್ರಿ ನೀವು?”

ಅವರಿಗೂ ಆಗಲೇ ಗೊತ್ತಾದದ್ದು. ಖರ್ಜೂರದ ಡಬ್ಬವನ್ನು ಬಾಗಿಲಲ್ಲೇ ಇಳಿಸಿದರು. ಕೂತ ಹಕ್ಕಿ ಹಾರಿಹೋದೀತು ಎಂಬಂತೆ ಸದ್ದಿಲ್ಲದೆ ಸಿಂಕಿನ ಹತ್ತಿರ ಬಂದರು. ಅವಳು ನಲ್ಲಿ ನಿಲ್ಲಿಸಿದಳು.

“ಜಾಡಿ ಆಚೆ ತೆಗೀಬೇಡ. ಹೊಯ್ಯಿ. ನಿಧಾನ ಹೊಯ್ಯಿ.”

ಅವಳು ನೂಲಿನಂತೆ ಹೊಯ್ದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಕಮಾಲುದ್ದೀನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ಉಸಿರೆಳೆದರು. “ರೊಟ್ಟಿ… ಸುಟ್ಟ ಅಂಚಿನದ್ದು. ದಾಲ್ಚಿನ್ನಿ.” ಇನ್ನಷ್ಟು ಬಗ್ಗಿದರು. “ಏಲಕ್ಕಿ! ಫಖ್ರು, ಏಲಕ್ಕಿ ಬರ್ತಾ ಉಂಟು!”

ಮರುಕ್ಷಣ ಅವರ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಬಗ್ಗಿ, ಇನ್ನೊಮ್ಮೆ ಎಳೆದುಕೊಂಡರು.

“ಈ ಏಲಕ್ಕಿ ಸರಿ ಇಲ್ಲ. ಹಳೇ ಮಾಲು, ತೇವ ಹಿಡಿದದ್ದು. ಮೇಲಿನ ಹಸಿರು ನೋಡಿ ಮೋಸ ಹೋಗಿದ್ದಿ ನೀನು. ಯಾರು ಕೊಟ್ಟದ್ದು ನಿನಗೆ ಈ ಕಸ?”

“ನೀವೇ,” ಎಂದಳು ಫಖ್ರುನ್ನಿಸಾ. “ಹೋದ ತಿಂಗಳು ಅಂಗಡಿಯಿಂದ ತಂದು ಕೊಟ್ಟದ್ದು.”

ಕಮಾಲುದ್ದೀನ್ ಅವಳನ್ನೇ ನೋಡಿದರು. ನಗಲು ಹೋಗಿ ಬಿಕ್ಕಿದರು, ಬಿಕ್ಕುತ್ತಲೇ ನಕ್ಕರು. ತೋಳಿನಿಂದ ಮುಖ ಒರೆಸಿಕೊಂಡು, “ಸುಹೈಲ್‌ಗೆ ಫೋನ್ ಹಚ್ಚು. ಖರ್ಜೂರದಲ್ಲೇ ಇರ್ಲಿ ಅಂತ ಹೇಳು” ಎಂದರು.

“ನೀವೇ ಹೇಳಿ,” ಎಂದಳು ಅವಳು. “ನನಗೆ ಇನ್ನೂ ಅರ್ಧ ಜಾಡಿ ಚೆಲ್ಲಲಿಕ್ಕುಂಟು.”