ಓದಿ ಹೇಳಿ, ಆಮೇಲೆ ಹಾಕಿ

ನಮ್ಮವರು ಬಸ್ಸಿನ ಸ್ಟೇರಿಂಗ್ ಬಿಟ್ಟು ನಿವೃತ್ತರಾಗಿದ್ದೇ ತಡ, ಮೊಬೈಲ್ ಹಿಡಿದು ಲೇಖಕರಾಗಿಬಿಟ್ಟರು. ಆನ್‌ಲೈನಿನಲ್ಲಿ ಬರೆಯುವವರ ಬಳಗವೊಂದಕ್ಕೆ ಸೇರಿ, 'ಹಿಂದಿನ ಸೀಟು' ಅಂತ ತಮಗೊಂದು ಕಾವ್ಯನಾಮ ಇಟ್ಟುಕೊಂಡರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬರಹ ಹಾಕಿದ್ದೇ ಹಾಕಿದ್ದು. ಒಂದು ನರಪಿಳ್ಳೆಯೂ ಓದಲಿಲ್ಲ. ಹಾಕಿದ ಮೇಲೆ ಅಡುಗೆಮನೆಗೆ ಬಂದು ನನ್ನ ಮೊಬೈಲಿನಿಂದ ತಾವೇ ಲೈಕ್ ಒತ್ತಿಕೊಂಡು ಹೋಗುತ್ತಿದ್ದರು.

ಬಳಗಕ್ಕೆ ಹೊಸಬರನ್ನು ಬರಮಾಡಿಕೊಳ್ಳುವವರು ಒಬ್ಬ ಟೀಚರಮ್ಮ. ಒಂದು ದಿನ ಫೋನ್ ಮಾಡಿದರು. "ಆತುರ ಬೇಡ ಸಾರ್. ಮೊದಲು ಬೇರೆಯವರದ್ದು ಓದಿ, ಅವರಿಗೆ ನಾಲ್ಕು ಮಾತು ಬರೀರಿ. ಆಮೇಲೆ ನಿಮ್ಮದನ್ನೂ ಓದ್ತಾರೆ. ಇನ್ನೊಂದು, ನಮ್ಮಲ್ಲೊಂದು ಪದ್ಧತಿ ಇದೆ. ಬದುಕಿರೋರ ಬಗ್ಗೆ ಬರೆದ್ರೆ ಮೊದಲು ಅವರಿಗೇ ಓದಿ ಹೇಳಿ, ಆಮೇಲೆ ಹಾಕಿ."

ಮೊದಲ ಮಾತುಗಳನ್ನು ನಮ್ಮವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಯದಕ್ಕೆ ಮುಖ ಸಣ್ಣದಾಯಿತು. ಯಾಕೆಂದರೆ ಅವರು ಜೀವ ತೇದು ಬರೆದಿಟ್ಟುಕೊಂಡಿದ್ದ ಬರಹ ತಮ್ಮನ ಬಗ್ಗೆ ಇತ್ತು. ನಮ್ಮತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮೈದುನ ಬರಲಿಲ್ಲ. ಮೊದಲೇ ಅಣ್ಣತಮ್ಮಂದಿರಿಗೆ ಅಷ್ಟಕ್ಕಷ್ಟೆ, ಅವತ್ತಿನಿಂದ ಮಾತೇ ಇಲ್ಲ. ಬರಹ ಚೆನ್ನಾಗಿತ್ತು, ಓದಿ ನಾನೇ ಅತ್ತಿದ್ದೆ. ಹಾಕಿದ್ದರೆ ಜನ ಮುಗಿಬಿದ್ದು ಓದುತ್ತಿದ್ದರೇನೋ. ಮೈದುನ ಮಾತ್ರ ಈ ಜನ್ಮದಲ್ಲಿ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ.

"ಹಾಕೋ ಧೈರ್ಯ ಇದೆ, ಓದೋ ಧೈರ್ಯ ಇಲ್ವಾ?" ಅಂದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನೂ ಬೆನ್ನಿಗೇ ಹೋದೆ.

ಮೈದುನ ತನ್ನ ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ. "ಕೂತ್ಕೊಳ್ಳಿ ಅತ್ತಿಗೆ" ಅಂದ. ಅಣ್ಣನ ಕಡೆ ತಿರುಗಲಿಲ್ಲ. ಇವರು ನಿಂತೇ ಓದಿದರು, ಇಳಿಜಾರಿನಲ್ಲಿ ಬಸ್ಸು ಓಡಿಸುವವರ ಹಾಗೆ ಅತ್ತಿತ್ತ ಕಣ್ಣು ಹೊರಳಿಸದೆ. 'ಹೆತ್ತವಳ ಕೊನೆಯ ದಿನವೂ ಅವನು ಬರಲಿಲ್ಲ' ಅನ್ನುವಲ್ಲಿ ನೀರಿನೊಳಗೆ ಮೈದುನನ ಕೈ ನಿಂತಿತು.

"ಬಂದಿದ್ದೆ ಅಣ್ಣ. ಯಾರೋ ಹೇಳಿದ್ರು ಅಂತ ಆಸ್ಪತ್ರೆಗೆ ಬಂದು ಮೆಟ್ಟಿಲ ಹತ್ರ ನಿಂತಿದ್ದೆ. ನೀನು ಮೇಲೆ ಎಲ್ಲರ ಮುಂದೆ 'ಅವನ ಮುಖ ನೋಡಲ್ಲ' ಅಂತಿದ್ದೆ. ವಾಪಸ್ ಹೋದೆ."

ಇವರು ಮೊಬೈಲ್ ಕೆಳಗಿಳಿಸಿದರು. ಮೈದುನ ಕೇಳಿದ. "ಅಮ್ಮ ನನ್ನ ಕೇಳಿದ್ಲಾ?"

"ಕೇಳ್ತಾನೇ ಇದ್ಲು ಕಣೋ. ನಾನೇ ನಿಂಗೆ ಹೇಳಿ ಕಳಿಸ್ಲಿಲ್ಲ. ಅದನ್ನ ಇದ್ರಲ್ಲಿ ಬರೆದಿಲ್ಲ."

ಇದು ನನಗೂ ಗೊತ್ತಿರಲಿಲ್ಲ. ಸಿಟ್ಟು ಬಂತು, ಇವರ ಮುಖ ನೋಡಿ ಸಂಕಟವೂ ಆಯಿತು. ಮೈದುನ ಬೈಯುತ್ತಾನೆ ಅಂದುಕೊಂಡೆ. ಅವನು ಒದ್ದೆ ಕೈ ಒರೆಸಿಕೊಂಡು ತನ್ನ ಸ್ಟೂಲನ್ನು ಅಣ್ಣನ ಕಡೆ ತಳ್ಳಿದ.

"ಕೂತ್ಕೊ. ಇನ್ನೇನಂದ್ಲು, ಎಲ್ಲಾ ಹೇಳು."

ಮರುವಾರ ಟೀಚರಮ್ಮ ಫೋನ್ ಮಾಡಿ, ಹಿಂದಿನ ಸೀಟಿನವರು ಯಾಕೆ ಏನೂ ಹಾಕುತ್ತಿಲ್ಲ ಅಂತ ಕೇಳಿದರು. ಇವರು ದಿನದಂತೆ ಸೈಕಲ್ ಅಂಗಡಿಗೆ ಹೋಗಿದ್ದರು.

"ನೀವೇ ಹೇಳಿದ್ರಲ್ಲ ಟೀಚರಮ್ಮ, ಓದಿ ಹೇಳ್ತಿದ್ದಾರೆ" ಅಂದೆ. "ಇನ್ನೂ ಮುಗಿದಿಲ್ಲ."