ದಡಿಯ ಹೂ ಕೆಡಿಸಿದ್ದು ಯಾರು

ಬೆಟಗೇರಿಯ ಅಮೃತವ್ವನ ಮಗ್ಗಗಳಿಗೆ ಸೀರೆಯ ಚಿತ್ತಾರ ಕಳಿಸುವ ಪ್ರೋಗ್ರಾಮನ್ನು ಬರೆದವರು ಇಬ್ಬರು. ಸೆರಗಿನ ಭಾಗ ನೂರೀನಳದು, ದಡಿಯ ಭಾಗ ಅವಳ ಜೊತೆ ಕಾಲೇಜು ಓದಿದ ತಾರೀಖನದು. ಅದು ನೇಯ್ಗೆಯ ನಡುವೆಯೇ ನಿಂತು ಸೀರೆಗಳು ಕೆಡತೊಡಗಿದಾಗ ತಾರೀಖ ನೇಕಾರರೆಲ್ಲರ ಎದುರು, "ಇದು ನೂರೀನಳ ಕೋಡಿಂದ ಆಗಿದ್ದು" ಎಂದುಬಿಟ್ಟ. ಅಮೃತವ್ವ ಅವಳನ್ನು ಬಿಡಿಸಿದಳು. ಆಮೇಲೆ ಗದಗಿನಲ್ಲಿ ಯಾರೂ ಅವಳಿಗೆ ಕೆಲಸ ಕೊಡಲಿಲ್ಲ.

ಒಂದು ಸಲ ಪರೀಕ್ಷೆ ಮಾಡಲು ಬಿಡಿ ಎಂದು ನೂರೀನ ಬೇಡಿದಾಗ ಅಮೃತವ್ವ ಒಪ್ಪಿದಳು. ತಾರೀಖ ಮಾತ್ರ ನಕ್ಕ. "ಮಗ್ಗದ ಡಬ್ಬಿಯೊಳಗ ಡೀಬಗರ್ ಎಲ್ಲೈತಿ? ಮೂಸಿ ನೋಡಾಕಿಯೇನು?"

ಓಡುವ ಪ್ರೋಗ್ರಾಮನ್ನು ತಡೆದು ಒಳಗೆ ಇಣುಕಲು ಡೀಬಗರ್ ಬೇಕೇ ಬೇಕು. ಮಗ್ಗ ನಡೆಸುವ ಆ ಹಳೆಯ ಕಂಪ್ಯೂಟರ್ ಡಬ್ಬಿಗೆ ಸಿದ್ಧವಾದದ್ದು ಎಲ್ಲೂ ಸಿಗಲಿಲ್ಲ. ನೂರೀನ ಡೀಬಗರಿನ ಮೂಲ ಕೋಡ್ ಇಳಿಸಿಕೊಂಡು ಮನೆಯಲ್ಲೇ ಕಟ್ಟಲು ಕುಳಿತಳು. ಮೊದಲು ಲೆಕ್ಕದ ಲೈಬ್ರರಿಯೊಂದು ಇಲ್ಲವೆಂದು ನಿಂತಿತು; ಅದನ್ನೂ ತಂದು ಕಂಪೈಲ್ ಮಾಡಿದಳು. ಆಮೇಲೆ ಕೈಪಿಡಿ ತಯಾರಿಸುವ ಸಾಧನ ಇಲ್ಲವೆಂದಿತು, ಕೈಪಿಡಿಯನ್ನೇ ಕೈಬಿಟ್ಟಳು. ಕೊನೆಗೆ ಪರದೆಯ ಮೇಲೆ ಕಡತಗಳ ಹೆಸರುಗಳು ಒಂದರ ಹಿಂದೊಂದು ಹಾಯತೊಡಗಿದವು. ತಾರೀಖನ ಮೋರೆ ಹೇಗೆ ಬಾಡೀತೆಂದು ಕಲ್ಪಿಸಿಕೊಳ್ಳಲು ಬೇಕಾದಷ್ಟು ಹೊತ್ತು ಸಿಕ್ಕಿತು.

"ಅದು ತಾನ ಬರಕೊಳ್ಳಾಕತ್ತೈತಿ. ನೀ ಯಾಕ ನಗಾಕತ್ತಿ?" ಎಂದು ತಾಯಿ ಅಮೀನಬಿ ಕೇಳಿದಳು.

ಮರುದಿನ ಎಲ್ಲರೂ ಮಗ್ಗದ ಸುತ್ತ ನೆರೆದರು. ಸೆರಗು ಶುರುವಾಗುತ್ತಲೇ ಪ್ರೋಗ್ರಾಮು ನಿಂತಿತು. ನಿಂತ ಸಾಲು ಬರೆದವರ ಹೆಸರಿನೊಂದಿಗೆ ಪರದೆಯ ಮೇಲೆ ಬಂತು.

"ಜೋರಾಗಿ ಓದು, ತಾರೀಖ," ಎಂದಳು ನೂರೀನ.

"ಸೆರಗು. ಬರೆದಾಕಿ ನೂರೀನ." ಅವನು ನೇಕಾರರತ್ತ ತಿರುಗಿದ. "ಕೇಳಿದ್ರಲ್ಲಾ? ಯಾರ ಸಾಲಿನ್ಯಾಗ ನಿಂತೈತಿ, ತಪ್ಪು ಅವರದ."

"ಖರೇನ?" ಎಂದು ನೂರೀನ ಕೇಳಿದಳು.

"ಖರೆ."

ಇಷ್ಟಾಗುತ್ತದೆಂದು ನೂರೀನಳಿಗೆ ಗೊತ್ತಿತ್ತು. ಅವನ ಬಾಯಿಂದ ಆ ಮಾತು ಹೊರಡಲೆಂದೇ ಕಾದಿದ್ದಳು. ಪ್ರೋಗ್ರಾಮು ಮುಗ್ಗರಿಸಿದ ಜಾಗವೇ ತಪ್ಪಿನ ಜಾಗವಾಗಬೇಕೆಂದಿಲ್ಲ. ಅವಳ ಸೆರಗಿನ ಅಂಕಿಗಳನ್ನು ಅದಕ್ಕೂ ಮೊದಲೇ ಬೇರೆ ಯಾವುದೋ ಸಾಲು ಅಳಿಸಿ ಬರೆದಿತ್ತು. ಆ ಅಂಕಿಗಳನ್ನು ಮುಟ್ಟಿದ ಕೂಡಲೇ ತಡೆಯಬೇಕೆಂದು ಡೀಬಗರಿಗೆ ಹೇಳಿ, ಮತ್ತೆ ಓಡಿಸಿದಳು.

ಈ ಸಲ ದಡಿಯಲ್ಲೇ ನಿಂತಿತು: ಅಲ್ಲಿನ ಕೊನೆಯ ಹೂವೊಂದು ತನ್ನ ಜಾಗ ಮೀರಿ ಸೆರಗಿನ ಅಂಕಿಗಳ ಮೇಲೆ ಬರೆಯುತ್ತಿತ್ತು.

"ಓದು."

ತಾರೀಖ ಬಗ್ಗಿ ಪಿಸುಗುಟ್ಟಿದ. "ಸಾಕ್ ಮಾಡು, ನೂರೀನ. ಹೊರಗ ಮಾತಾಡೂಣು."

"ಮಗ್ಗ ನಿಂತಾವು. ಸಣ್ಣಗ ಓದಿದ್ರೂ ಎಲ್ಲಾರಿಗೂ ಕೇಳ್ತೈತಿ."

"ದಡಿ," ಎಂದ ಅವನು. "ಬರೆದಾಂವ ತಾರೀಖ."

ನೇಕಾರ ಸಕ್ರಪ್ಪ ನಕ್ಕ. "ಜಾಗಾ ಇಲ್ಲದಲ್ಲಿ ಒಂದ್ ಹೂ ಹೆಚ್ಚಿಗಿ ತುರುಕಿದ್ದೇನಪಾ?"

"ಹಂಗಾರ ನೀನ ಸರಿ ಮಾಡಿಬಿಡವ್ವಾ, ತಂಗಿ," ಎಂದಳು ಅಮೃತವ್ವ.

ಒಂದೇ ಅಂಕಿ ಬದಲಿಸಿದರೆ ಆಗುವ ಕೆಲಸ. "ನಾ ಮುಟ್ಟಂಗಿಲ್ರಿ," ಎಂದಳು ನೂರೀನ. "ಅಂವಾ ಮಾಡ್ಲಿ, ನಿಮ್ಮೆಲ್ಲಾರ ಮುಂದ."

ಅವಳು ನೂಲಿನ ಗಂಟಿನ ಮೇಲೆ ಅವನ ಮಗ್ಗುಲಿಗೇ ಕುಳಿತಳು. ತಾರೀಖ ಕೀಲಿಮಣೆ ಎಳೆದುಕೊಂಡ. ಅವನು ಒತ್ತಿದ ಅಂಕಿ ಮತ್ತೆ ತಪ್ಪಾಗಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಸೀರೆ ಕೆಡುತ್ತದೆ. ಬಾಯಿ ಬಿಡಲಿಲ್ಲ.

"ಆತು," ಎಂದ ತಾರೀಖ. ಸಕ್ರಪ್ಪ ಮಗ್ಗ ಚಾಲೂ ಮಾಡಿದ.